ಪಡಸಾಲೆಗೆ ಫುಲ್ಲು, ಅಡುಗೆಮನೆಗೆ ನಿಲ್ಲು

ನಮ್ಮ ಕಡೆ ಮನೆಗೆ ವೈಫೈ ಹಾಕಿಸಿದರೆ ಆ ಪೆಟ್ಟಿಗೆಗೆ ಜಾಗ ಗೊತ್ತು ಮಾಡುವವರು ಯಾರು ಹೇಳಿ? ಯಜಮಾನರಲ್ಲ. ಯಜಮಾನಿಯನ್ನಂತೂ ಕೇಳುವವರೇ ಇಲ್ಲ. ಹೆಗಲಿಗೆ ಕಪ್ಪು ವೈರಿನ ಸುರುಳಿ ಹಾಕಿಕೊಂಡು ಬೈಕಿನಿಂದ ಇಳಿಯುವ ಕೇಬಲ್ ಹುಡುಗನೇ ಅದನ್ನು ಗೊತ್ತು ಮಾಡುವುದು. ಅವನಿಗೆ ಅವತ್ತು ಇನ್ನೂ ನಾಲ್ಕು ಮನೆ ಬಾಕಿ. ಕಂಬದಿಂದ ವೈರು ಎಳೆದು, ಕಿಟಕಿ ಪಕ್ಕ ಒಂದು ತೂತು ಕೊರೆದು, ತುದಿ ಒಳಗೆ ಎಲ್ಲಿಗೆ ಮುಟ್ಟುತ್ತದೋ ಅಲ್ಲೇ ಒಂದು ಮೊಳೆ ಹೊಡೆಯುತ್ತಾನೆ. “ಇಲ್ಲೇ ಇರ್ಲೇನ್ರಿ ಯಜಮಾನ್ರೆ?” ಅಂತ ಕೇಳುವ ಮರ್ಯಾದೆ ಅವನಿಗುಂಟು, ಆದರೆ ಕೇಳುವುದು ಮೊಳೆ ಹೊಡೆದಾದ ಮೇಲೆ. ಪಡಸಾಲೆಯ ಸೋಫಾದಲ್ಲಿ ಕೂತ ಯಜಮಾನರು ತಮ್ಮ ಫೋನು ನೋಡಿಕೊಳ್ಳುತ್ತಾರೆ. ಫುಲ್ಲು! “ಇರ್ಲಿ ಬಿಡಪ್ಪ, ಭಾರಿ ಐತೆ” ಅನ್ನುತ್ತಾರೆ. ಅಲ್ಲಿಗೆ ಆ ಮನೆಯ ಹಣೆಬರಹ ಬರೆದಾಯಿತು.

ಮಜಾ ಶುರುವಾಗುವುದು ಆಮೇಲೆ. ಇಷ್ಟು ಜೋರಾಗಿ ಬರುವ ಸಿಗ್ನಲ್ಲಿನಲ್ಲಿ ಯಜಮಾನರು ನೋಡುವುದೇನು? ಇವತ್ತು ಚನ್ನಗಿರಿಯಲ್ಲಿ ರಾಶಿ ಅಡಿಕೆ ಕ್ವಿಂಟಾಲಿಗೆ ಎಷ್ಟಕ್ಕೆ ಹೋಯಿತು, ಭದ್ರಾ ಡ್ಯಾಮು 186 ಅಡಿ ತುಂಬಲು ಇನ್ನೆಷ್ಟು ಬಾಕಿ. ಎರಡೂ ವಾಟ್ಸಾಪಿನಲ್ಲಿ ಒಂದೊಂದು ಸಾಲು. ಒಂದೇ ಕಡ್ಡಿ ಇದ್ದರೂ ತೆವಳಿಕೊಂಡು ಬರುವಂಥವು. ಅದೇ ಹೊತ್ತಿಗೆ ಹಿಂದಿನ ಕೋಣೆಯಲ್ಲಿ ಸಿಇಟಿಗೆ ಓದುವ ಮಗಳು ವಿಡಿಯೊ ಪಾಠ ಹಚ್ಚಿಕೊಂಡು ಕೂತಿರುತ್ತಾಳೆ. ಮೇಷ್ಟ್ರು ತೆರೆದ ಬಾಯಿ ಮುಚ್ಚಿಲ್ಲ, ಅವರ ಮೂಗಿನ ಮೇಲೆ ಬಿಳಿ ಉಂಗುರ ಗಿರಗಿರ ತಿರುಗುತ್ತಿದೆ. ಅಡುಗೆಮನೆಯಲ್ಲಿ ಅಮ್ಮ ಯಾವುದೋ ಹೊಸ ಪಲ್ಯ ನೋಡಿಕೊಂಡು ಮಾಡಲು ಹೊರಟಿದ್ದಾರೆ. ಎಣ್ಣೆ ಹೊಗೆಯಾಡಿ, ಒಗ್ಗರಣೆ ಸೀದು ಕರಕಲಾದ ಮೇಲೆ ಫೋನಿನಿಂದ ಇಂಪಾದ ದನಿ: “ಈಗ ಸಾಸಿವೆ ಹಾಕಿ.”

ಹಿಂದಿನ ಕಾಲದ ಮನೆಗಳಲ್ಲಿ ಮೊದಲ ಪಂಕ್ತಿ ಪಡಸಾಲೆಯ ಗಂಡಸರದ್ದು, ಉಳಿದಿದ್ದು ಬಳಿದಿದ್ದು ಒಳಗಿನವರಿಗೆ. ಈಗ ಅದೆಲ್ಲ ಎಲ್ಲಿದೆ, ಎಲ್ಲರೂ ಒಟ್ಟಿಗೇ ಟೇಬಲ್ಲಿಗೆ ಕೂರುತ್ತೀವಲ್ಲ ಅಂತೀರಿ. ಊಟಕ್ಕೆ ಕೂರುತ್ತೀರಿ ನಿಜ. ವೈಫೈ ಇನ್ನೂ ಹಳೆಯ ಪಂಕ್ತಿಯಲ್ಲೇ ಬಡಿಸುತ್ತಿದೆ ನೋಡ್ರಿ. ಹೆಚ್ಚು ಬೇಕಾದವರಿಗೆ ಕಡಿಮೆ, ಕಡಿಮೆ ಸಾಕಾದವರಿಗೆ ಸುರಿದು ಸುರಿದು.

ಇಷ್ಟಾದ ಮೇಲೂ ಬೈಸಿಕೊಳ್ಳುವುದು ಕಂಪನಿ. “ತಿಂಗಳು ತಿಂಗಳು ದುಡ್ಡು ಇಸ್ಕೊಂತಾರೆ, ನೆಟ್ಟು ಮಾತ್ರ ಕೊಡಲ್ಲ.” ಕಸ್ಟಮರ್ ಕೇರಿಗೆ ಹಚ್ಚಿದರೆ, ಒಮ್ಮೆ ಆಫ್ ಮಾಡಿ ಆನ್ ಮಾಡಿ ಸರ್ ಅನ್ನುತ್ತಾರೆ. ಮಾಡುತ್ತಾರೆ. ಪೆಟ್ಟಿಗೆ ಸಣ್ಣದೊಂದು ನಿದ್ದೆ ತೆಗೆದು ಎದ್ದು ಅದೇ ಮೊಳೆಯಲ್ಲಿ ಅದೇ ಕೆಲಸ ಮುಂದುವರಿಸುತ್ತದೆ. ಕೊನೆಗೆ ರೋಸಿ ಹೋಗಿ ಪ್ಯಾಕು ದೊಡ್ಡದು ಮಾಡಿಸುತ್ತಾರೆ: 50 ಇದ್ದದ್ದು 100 ಎಂಬಿಪಿಎಸ್. ಸಿಗ್ನಲ್ಲು ಒಂದು ಗೇಣು ಕೂಡ ಒಳಕ್ಕೆ ಸರಿಯುವುದಿಲ್ಲ. ಎಚ್‌ಡಿ ವಿಡಿಯೊ ಒಂದಕ್ಕೆ 5 ಎಂಬಿಪಿಎಸ್ ಸಿಕ್ಕರೆ ಧಾರಾಳವಾಯಿತು. ಪ್ಯಾಕಿನ ನಂಬರಿಗೂ ಅಲೆ ಎಷ್ಟು ಗೋಡೆ ದಾಟುತ್ತದೆ ಅನ್ನುವುದಕ್ಕೂ ನೆಂಟಸ್ತನವೇ ಇಲ್ಲ.

ಬೈಯುವುದಿದ್ದರೆ ಸರಿಯಾದವರನ್ನು ಬೈಯಿರಿ. ಅದನ್ನು ಪತ್ತೆ ಹಚ್ಚಲು ಕಾಸು ಖರ್ಚಿಲ್ಲ. ಫೋನು ಹಿಡಿದು ಪೆಟ್ಟಿಗೆಯ ಮಗ್ಗುಲಲ್ಲೇ ನಿಂತು ಸ್ಪೀಡು ನೋಡಿ. ಅಲ್ಲೂ ಆಮೆ ನಡಿಗೆಯೇ ಆದರೆ ತಪ್ಪು ಕಂಬದ್ದು, ಕೇಬಲ್ಲಿನವರದ್ದು, ಕಂಪನಿಯದ್ದು. ಧಾರಾಳವಾಗಿ ಬೈಯಬಹುದು. ಅಲ್ಲಿ ಕುದುರೆ, ಹಿಂದಿನ ಕೋಣೆಗೆ ಬಂದರೆ ಆಮೆ ಅಂತಾದರೆ ತಪ್ಪು ನಿಮ್ಮ ಗೋಡೆಯದ್ದು, ಬೀರುವಿನದ್ದು, ಮತ್ತು ಆ ಮೊಳೆಯದ್ದು.

ಅಂದ ಹಾಗೆ ನಮ್ಮ ದಾವಣಗೆರೆ ಜಿಲ್ಲೆಯೂ ಈ ವೈಫೈಯೂ ಓರಗೆಯವು. ಐಇಇಇ ಅನ್ನುವ ಎಂಜಿನಿಯರುಗಳ ಸಂಸ್ಥೆ 802.11 ಎಂಬ ಮೊದಲ ನಿಯಮಾವಳಿಗೆ ಒಪ್ಪಿಗೆ ಹಾಕಿದ್ದು 1997ರ ಜೂನಿನಲ್ಲಿ. ದಾವಣಗೆರೆ ಜಿಲ್ಲೆ ಹುಟ್ಟಿದ್ದು ಅದೇ ವರ್ಷದ ಆಗಸ್ಟ್ 15ಕ್ಕೆ. ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ನ್ಯಾಮತಿ ಆಗಿನ್ನೂ ಹೊನ್ನಾಳಿಯ ಸೆರಗು ಹಿಡಿದುಕೊಂಡಿತ್ತು. ಬಳ್ಳಾರಿಯಿಂದ ಬಂದ ಹರಪನಹಳ್ಳಿ 2018ರಲ್ಲಿ ವಾಪಸು ಹೊರಟೇಹೋಯಿತು. ಬಂದು ಹೋಗುವ ಸಿಗ್ನಲ್ಲು ನಮಗೇನು ಹೊಸದಲ್ಲ. ಆ ಮೊದಲ ವೈಫೈಯ ವೇಗ ಸೆಕೆಂಡಿಗೆ 2 ಮೆಗಾಬಿಟ್. ಈಗ ಹಿಂದಿನ ಕೋಣೆಯಲ್ಲಿ ಸಿಗುವುದೂ ಹೆಚ್ಚುಕಡಿಮೆ ಅಷ್ಟೇ ಅಂತ ಮಗಳು ಹೇಳಿದರೆ ನಂಬಿ.

ಹಳಬರಿಗೆ ಒಂದು ಅನುಮಾನ ಬರುವುದು ಸಹಜ. “ಅಲ್ರೀ, ಭದ್ರಾವತಿ ರೇಡಿಯೊ ಸ್ಟೇಷನ್ನು ಅಷ್ಟು ದೂರದಿಂದ ನಮ್ಮ ಕೊಟ್ಟಿಗೆಗೂ ಕೇಳ್ತಿತ್ತು. ಈ ಪೆಟ್ಟಿಗೆಗೆ ಪಡಸಾಲೆಯಿಂದ ಅಡುಗೆಮನೆಗೆ ಹೋಗಾಕೆ ಆಗಲ್ವ?” ಪ್ರಶ್ನೆ ಚೆನ್ನಾಗಿದೆ. 1965ರಲ್ಲಿ ಶುರುವಾದ ಭದ್ರಾವತಿ ಆಕಾಶವಾಣಿ ಬರುತ್ತಿದ್ದುದು 675 ಕಿಲೋಹರ್ಟ್ಸಿನಲ್ಲಿ. ಆ ಅಲೆ ಒಂದೊಂದೂ 444 ಮೀಟರ್ ಉದ್ದ. ಹಾಲು ಕರೆಯುವವನ ಪಕ್ಕದ ಟ್ರಾನ್ಸಿಸ್ಟರಿಗೆ ಬರುವ ದಾರಿಯಲ್ಲಿ ಗುಡ್ಡ, ಗೋಡೆ, ಹುಲ್ಲಿನ ಬಣವೆ ಯಾವುದೂ ಅದಕ್ಕೆ ಲೆಕ್ಕವಿಲ್ಲ. ವೈಫೈಯ 2.4 ಗಿಗಾಹರ್ಟ್ಸ್ ಅಲೆ ಹನ್ನೆರಡೂವರೆ ಸೆಂಟಿಮೀಟರು, ಅಂದರೆ ಒಂದು ಗೇಣೂ ಇಲ್ಲ. 5 ಗಿಗಾಹರ್ಟ್ಸಿನದು ಅದರ ಅರ್ಧಕ್ಕಿಂತ ಕಡಿಮೆ. ಅದಕ್ಕೆ ಬೀರುವೂ ಗುಡ್ಡವೇ, ಫ್ರಿಜ್ಜೂ ಗುಡ್ಡವೇ. ಮೇಲಾಗಿ ರೇಡಿಯೊ ಸ್ಟೇಷನ್ನಿನ ಶಕ್ತಿ ಕಿಲೋವ್ಯಾಟುಗಳಲ್ಲಿ. ನಿಮ್ಮ ಪೆಟ್ಟಿಗೆಯದ್ದು ಸುಮಾರು ಒಂದು ವ್ಯಾಟಿನ ಹತ್ತನೇ ಒಂದು ಪಾಲು, ದೇವರಮನೆಯ ಝೀರೋ ಬಲ್ಬಿಗೂ ಸಮ ಬಾರದು. ಇನ್ನೊಂದು ಮಾತು ಮರೆಯುತ್ತಾರೆ. ರೇಡಿಯೊಗೆ ಕೇಳಿಸಿಕೊಳ್ಳುವುದಷ್ಟೇ ಕೆಲಸ, ಫೋನು ಮಾತ್ರ ತಿರುಗಿ ಉತ್ತರ ಕೊಡಬೇಕು, ಅದರ ದನಿ ಪೆಟ್ಟಿಗೆಯ ದನಿಗಿಂತಲೂ ಕ್ಷೀಣ. ಅದಕ್ಕೇ ಎಷ್ಟೋ ಸಲ ಫೋನಿನಲ್ಲಿ ಎರಡು ಕಡ್ಡಿ ಕಾಣಿಸುತ್ತದೆ, ಕೆಲಸ ಮಾತ್ರ ಆಗುವುದಿಲ್ಲ. ಪೆಟ್ಟಿಗೆ ಕೂಗಿದ್ದು ಫೋನಿಗೆ ಕೇಳಿದೆ, ಫೋನು ಓಗೊಟ್ಟಿದ್ದು ಪೆಟ್ಟಿಗೆಗೆ ಕೇಳಿಲ್ಲ.

ಪೆಟ್ಟಿಗೆಯಲ್ಲಿ ಎರಡು ಹೆಸರು ಕಾಣಿಸುತ್ತವಲ್ಲ, ಒಂದಕ್ಕೆ ಬಾಲದಲ್ಲಿ 5ಜಿ ಅಂತ. “ನಮ್ಮನೇಲಿ 5ಜಿ ಬಂದೈತೆ” ಅಂತ ಕಟ್ಟೆ ಮೇಲೆ ಕೂತು ಹೇಳಿಕೊಳ್ಳುವವರನ್ನು ನೋಡಿದ್ದೇನೆ. ಅದು ಮೊಬೈಲಿನ 5ಜಿ ಅಲ್ಲ ಸ್ವಾಮಿ, 5 ಗಿಗಾಹರ್ಟ್ಸು. ಹತ್ತಿರವಿದ್ದರೆ ಭಾರಿ ವೇಗ, ಎರಡು ಗೋಡೆ ಬಂದರೆ ಉಸ್ಸಂತ ಕೂರುತ್ತದೆ. 2.4ರದ್ದು ನಿಧಾನಿ, ಆದರೆ ದೂರ ಹೋಗುತ್ತದೆ. ಟೀವಿ ಎದುರು ಕೂತವರು 5ಕ್ಕೆ, ಹಿತ್ತಿಲ ಕಡೆಯವರು 2.4ಕ್ಕೆ ಹಚ್ಚಿಕೊಂಡರೆ ಅರ್ಧ ಜಗಳ ಅಲ್ಲೇ ತೀರುತ್ತದೆ.

ಈಗ ಊರೂರಿನ ಕಥೆಗೆ ಬರೋಣ. ನಾಲ್ಕು ತಾಲ್ಲೂಕಿಗೆ ನಾಲ್ಕು ಥರದ ಗೋಡೆ.

ಚನ್ನಗಿರಿ ಕಡೆಯ ಹೊಸ ಮನೆಗಳ ಗತ್ತೇ ಬೇರೆ. ಅಡಿಕೆ ಕೈ ಹಿಡಿದ ವರ್ಷ ಎದ್ದ ಮನೆಗಳು. ತಾರಸಿ ತುಂಬ ಕಬ್ಬಿಣದ ಸರಳಿನ ಬಲೆ, ಮೆಟ್ಟಿಲಿಗೆ ಕಪ್ಪು ಗ್ರಾನೈಟು, ಪಡಸಾಲೆಯಲ್ಲಿ ಗೋಡೆ ಅಗಲದ ಟೀವಿ. ಪೆಟ್ಟಿಗೆ ಆ ಟೀವಿಯ ಬೆನ್ನ ಹಿಂದೆ, ಯಾಕೆಂದರೆ ವೈರು ಕಂಡರೆ ಮನೆಯ ಚಂದ ಕೆಡುತ್ತದಂತೆ. ಟೀವಿಯ ಬೆನ್ನು ಲೋಹದ್ದು, ತಾರಸಿಯ ಬಲೆಯೂ ಲೋಹದ್ದು. ಇಂಥದ್ದೇ ಒಂದು ಮನೆಯ ಸೊಸೆ ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತಾಳೆ. ಮಹಡಿಯ ಮೇಲೆ ಅವಳಿಗೊಂದು ಕೋಣೆ, ಮೇಜು, ತಿರುಗುವ ಕುರ್ಚಿ ಎಲ್ಲ ಇದೆ. ಅವಳು ಕೂರುವುದು ಮಾತ್ರ ಮೆಟ್ಟಿಲ ಮೇಲೆ, ಲ್ಯಾಪ್‌ಟಾಪು ತೊಡೆಯ ಮೇಲೆ. ಸಿಗ್ನಲ್ಲು ಹತ್ತುವುದು ಅಲ್ಲಿಯವರೆಗೇ. ಆಫೀಸಿನ ಮೀಟಿಂಗಿನಲ್ಲಿ ಇವಳು ಬಾಯಿ ತೆರೆದರೆ ಕೆಳಗಿನ ಕುಕ್ಕರು ಕೂಗುವುದೂ ಬೆಂಗಳೂರಿಗೆ ಕೇಳುತ್ತದೆ. ಒಂದು ದಿನ ಧೈರ್ಯ ಮಾಡಿದಳು.

“ಮಾವ, ಆ ಪೆಟ್ಟಿಗೆ ಟೀವಿ ಹಿಂದಿಂದ ತೆಗೆದು ಮೆಟ್ಟಿಲ ಹತ್ರ ಹಾಕ್ಸಾಣ?”

“ಯಾಕವ್ವ, ಚೆನ್ನಾಗೇ ಬರ್ತೈತಲ್ಲ.”

“ಇಲ್ಲಿ ಬರ್ತೈತೆ ಮಾವ. ಮೇಲೆ ಬರಲ್ಲ.”

“ಮೇಲೆ ಯಾರವ್ವ ಅದಾರೆ?”

“ನಾನಿದೀನಲ್ಲ ಮಾವ.”

ಮಾವನವರು ಒಳ್ಳೆಯವರೇ. ಸೊಸೆಗೆ ಬೇಡ ಅನ್ನಲಿಲ್ಲ. ಗೋಡೆಗೆ ತೂತು ಅಂದಾಗ ಮಾತ್ರ ಜೀವ ಚುರ್ರೆಂದಿತು. ಪೇಂಟು ಹೊಡೆಸಿ ಇನ್ನೂ ವಾಸನೆ ಹೋಗಿಲ್ಲ. ಕೊನೆಗೆ ಎಸಿ ಪೈಪು ಹೋಗಲು ಕೊರೆದಿದ್ದ ತೂತಿನಲ್ಲೇ ಒಂದು ಲ್ಯಾನ್ ವೈರು ತೂರಿಸಿ ಮಹಡಿಗೆ ಒಯ್ದರು. ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದ ಹಳೆಯ ರೂಟರಿನ ಸೆಟ್ಟಿಂಗಿನಲ್ಲಿ ‘ಆಕ್ಸೆಸ್ ಪಾಯಿಂಟ್’ ಅಂತ ಇರುವುದನ್ನು ಒತ್ತಿ, ಕೆಳಗಿನ ಪೆಟ್ಟಿಗೆಯ ಹೆಸರು, ಪಾಸ್‌ವರ್ಡನ್ನೇ ಇದಕ್ಕೂ ಕೊಟ್ಟು ವೈರಿನ ತುದಿಗೆ ಸಿಕ್ಕಿಸಿದರು. ವೈರಿನ ದುಡ್ಡು ಬಿಟ್ಟರೆ ಬೇರೆ ಖರ್ಚಿಲ್ಲ. ಇಂಥ ತಾಮ್ರದ ಲ್ಯಾನ್ ವೈರು 100 ಮೀಟರಿನವರೆಗೂ ವೇಗ ಬಿಟ್ಟುಕೊಡದೆ ಒಯ್ಯುತ್ತದೆ. ವೈರಿಲ್ಲದ ಇಂಟರ್ನೆಟ್ಟಿಗೆ ವೈರೇ ಮದ್ದು ಅಂದರೆ ನಗುತ್ತೀರಿ, ಆದರೆ ಅದೇ ನಿಜ. ಸಾವಿರಾರು ರೂಪಾಯಿಯ ಮೆಶ್ ಪೆಟ್ಟಿಗೆಗಳನ್ನು ತಂದರೂ ಅವನ್ನು ಒಂದಕ್ಕೊಂದು ವೈರಿನಿಂದ ಜೋಡಿಸಿದರೇ ಅವು ಪೂರ್ತಿ ಕೆಲಸ ಮಾಡುವುದು.

ಚನ್ನಗಿರಿಯವರಿಗೆ ಇನ್ನೊಂದು ತಾಪತ್ರಯ, ತೋಟ. ಬೇಯಿಸಿ ಒಣಹಾಕಿದ ಅಡಿಕೆಯನ್ನು ರಾತ್ರಿ ಯಾರೋ ಎತ್ತಿಕೊಂಡು ಹೋಗುತ್ತಾರೆ ಅನ್ನುವ ಭಯಕ್ಕೆ ಕಣಕ್ಕೊಂದು ಕ್ಯಾಮೆರಾ ಹಾಕಿಸುತ್ತಾರೆ. ಅಗ್ಗದ ವೈಫೈ ಕ್ಯಾಮೆರಾಗಳಿಗೆ ಸಾಮಾನ್ಯವಾಗಿ 2.4 ಒಂದೇ ಗೊತ್ತು. ಮನೆಗೂ ಕಣಕ್ಕೂ ನಡುವೆ ಅಡಿಕೆ ಮರ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಎಲೆಯೆಂದರೆ ನೀರು, ನೀರು ಈ ಅಲೆಯನ್ನು ಹೀರುತ್ತದೆ. ಬೇಸಿಗೆಯಲ್ಲಿ ಹಾಕಿಸಿದಾಗ ಚೆನ್ನಾಗಿ ಕಂಡ ಕ್ಯಾಮೆರಾ, ಸೋಗೆ ನೆಂದು ತೊಟ್ಟಿಕ್ಕುವ ಮಳೆಗಾಲದಲ್ಲಿ ಕಣ್ಣು ಮುಚ್ಚುತ್ತದೆ. ಕೊಯ್ಲು ಶುರುವಾಗುವುದೂ ಆಗಲೇ. ಕಳ್ಳನಿಗೆ ಇಷ್ಟು ಅನುಕೂಲ ಸರ್ಕಾರವೂ ಮಾಡಿಕೊಡಲಾರದು. ಇಲ್ಲಿ ಎರಡೇ ದಾರಿ. ಮರದ ತಲೆ ಮೀರಿಸಿ ಕಂಬ ನಿಲ್ಲಿಸಿ, ಆ ಕಡೆ ಈ ಕಡೆ ಮುಖಾಮುಖಿ ನೋಡುವ ಹೊರಾಂಗಣದ ಆಂಟೆನಾ ಹಾಕಿಸುವುದು ಒಂದು. 2.4 ಗಿಗಾಹರ್ಟ್ಸಿಗೆ 2005ರಿಂದ, 5 ಗಿಗಾಹರ್ಟ್ಸಿನ ದೊಡ್ಡ ಪಾಲಿಗೆ 2018ರಿಂದ ನಮ್ಮ ದೇಶದಲ್ಲಿ ಲೈಸೆನ್ಸ್ ಬೇಕಿಲ್ಲ. ಇನ್ನೊಂದು, ನೆಲದಲ್ಲಿ ಫೈಬರ್ ಎಳೆಯುವುದು. ದಯವಿಟ್ಟು ತೋಟದುದ್ದಕ್ಕೂ ತಾಮ್ರದ ವೈರು ಎಳೆಯಬೇಡಿ. ಅದರ ಹಾದಿಯಲ್ಲೇ ಸಿಡಿಲೂ ಮನೆಯೊಳಗೆ ಬರುತ್ತದೆ. ಫೈಬರ್ ಗಾಜಿನ ಎಳೆ, ಕರೆಂಟಿಗೆ ದಾರಿ ಕೊಡುವುದಿಲ್ಲ.

ಹೊನ್ನಾಳಿಯವರದು ಭತ್ತದ ತಕರಾರು. ತುಂಗಭದ್ರೆಯ ದಡ, ಕಾಲುವೆಯ ನೀರು, ಸುಗ್ಗಿಯಾದರೆ ನಡುಮನೆಯಲ್ಲಿ ಆಳೆತ್ತರಕ್ಕೆ ಚೀಲದ ಸಾಲು. ರೇಟು ಬರಲಿ ಅಂತ ಕಾಯುತ್ತಾ ಚೀಲಗಳು ಕೂತಿರುತ್ತವೆ. ಹಿಂದಿನ ಕೋಣೆಯವರು ಸಿಗ್ನಲ್ಲು ಬರಲಿ ಅಂತ ಕಾಯುತ್ತಾ ಕೂತಿರುತ್ತಾರೆ. ಭತ್ತದಲ್ಲೂ ತೇವ ಉಂಟಲ್ಲ, ದಪ್ಪ ಗೋಡೆಯೊಂದು ಹೊಸದಾಗಿ ಎದ್ದ ಹಾಗೇ ಲೆಕ್ಕ. ರೇಟು ಬಂದು ಚೀಲ ಲಾರಿ ಹತ್ತಿದ ದಿನ ವೈಫೈ ತಾನಾಗೇ ಸರಿಹೋಗುತ್ತದೆ. ಕೇಬಲ್ ಹುಡುಗ ತಾನು ಫೋನಿನಲ್ಲೇ ರಿಪೇರಿ ಮಾಡಿದೆ ಅಂತ ಹೇಳಿಕೊಳ್ಳುತ್ತಾನೆ. ಮನುಷ್ಯರೂ ಇದೇ ಜಾತಿ, ನಮ್ಮ ಮೈಯಲ್ಲೂ ಅರ್ಧಕ್ಕಿಂತ ಹೆಚ್ಚು ನೀರೇ. ಗೃಹಪ್ರವೇಶಕ್ಕೆ ಮನೆ ತುಂಬ ನೆಂಟರು ಬಂದಾಗ ನೆಟ್ಟು ಮಲಗುವುದಕ್ಕೆ ಅವರ ಫೋನುಗಳಷ್ಟೇ ಕಾರಣವಲ್ಲ, ಅವರೂ ಕಾರಣ. ಅವರ ಎದುರಿಗೆ ಹೇಳಬೇಡಿ.

ನ್ಯಾಮತಿ ಹೊನ್ನಾಳಿಯಿಂದ ಪಾಲಾಗಿ ಬೇರೆ ತಾಲ್ಲೂಕಾಗಿದ್ದು ಈಚಿನ ಮಾತು. ಪಾಲು ಅಂದ ಕೂಡಲೇ ನೆನಪಾಗುವುದು ಅಣ್ಣತಮ್ಮಂದಿರ ಮನೆ. ಒಂದೇ ಮನೆಯ ನಡುವೆ ಗೋಡೆ ಎದ್ದು ಎರಡಾಗಿರುತ್ತದೆ. ಮಾತಿಲ್ಲ ಕಥೆಯಿಲ್ಲ. ದೊಡ್ಡವನ ಮಗ ಮಾತ್ರ ಚಿಕ್ಕಪ್ಪನ ವೈಫೈಯಲ್ಲಿ ಕ್ರಿಕೆಟ್ ನೋಡುತ್ತಾನೆ. ಪಾಸ್‌ವರ್ಡು ಕೊಟ್ಟವಳು ಚಿಕ್ಕಮ್ಮ. ಗೋಡೆ ಕಟ್ಟಿದವರಿಗೆ ಇದು ಗೊತ್ತಿಲ್ಲ. ಇಂಥ ಒತ್ತೊತ್ತು ಮನೆಗಳ ಓಣಿಯಲ್ಲಿ ಕಷ್ಟ ಗೋಡೆಗಿಂತ ಗದ್ದಲದ್ದು. ಫೋನಿನಲ್ಲಿ ಹುಡುಕಿದರೆ ಓಣಿಯವರ ಹೆಸರೆಲ್ಲ ಸಾಲಾಗಿ ಬರುತ್ತವೆ. ಎಲ್ಲರ ಪೆಟ್ಟಿಗೆಯೂ ಒಂದೇ ಚಾನೆಲ್ಲಿನಲ್ಲಿ ಮಾತಾಡಲು ಹೊರಟರೆ ಒಬ್ಬರು ಮುಗಿಸುವವರೆಗೆ ಇನ್ನೊಬ್ಬರು ಕಾಯಬೇಕು. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ಲುಗಳು ಮೂರೇ: 1, 6, 11. ಅಕ್ಕಪಕ್ಕದವರು 6ರಲ್ಲಿದ್ದರೆ ನೀವು 1ಕ್ಕೋ 11ಕ್ಕೋ ಹೋಗಿ. ನಡುವೆ ತೂರಿಕೊಳ್ಳುವ ಜಾಣತನ ಮಾಡಿ 3, 4 ಇಟ್ಟುಕೊಂಡರೆ ಎರಡು ಕಡೆಯವರ ಹತ್ತಿರವೂ ಜಗಳ. ಇಂಥ ಕಡೆ 5 ಗಿಗಾಹರ್ಟ್ಸೇ ಲೇಸು. ಗೋಡೆ ದಾಟಲಾರದ ಅದರ ದುರ್ಬಲತನವೇ ಇಲ್ಲಿ ಗುಣ, ಪಕ್ಕದವರ ಗದ್ದಲವೂ ನಿಮ್ಮ ಮನೆಗೆ ಬರುವುದಿಲ್ಲ.

ಇನ್ನು ಜಗಳೂರು. ನೀರು ಅಲೆಯನ್ನು ಹೀರುತ್ತದೆ ಅಂದೆನಲ್ಲ, ಹಾಗಾದರೆ ನೀರಿಗೆ ಬರ ಇರುವ ನಮ್ಮೂರಲ್ಲಿ ವೈಫೈ ಭರ್ಜರಿಯಾಗಿ ಹರಿಯಬೇಕಲ್ಲ ಅಂತ ಜಗಳೂರಿನವರು ಕೇಳಬಹುದು. ಕೇಳಲಿ, ಅವರಿಗೆ ಹಕ್ಕಿದೆ. ತುಂಗಭದ್ರೆಯಿಂದ 57 ಕೆರೆ ತುಂಬಿಸುವ ಯೋಜನೆಗೆ ಅವರು ಕಾದಷ್ಟು ಇನ್ನಾರೂ ಕಾದಿಲ್ಲ. ಆದರೆ ಅಲ್ಲಿ ಅಡ್ಡ ನಿಲ್ಲುವುದು ಮಾಳಿಗೆ ಮನೆ. ಮೊಳಕ್ಕಿಂತ ದಪ್ಪದ ಮಣ್ಣಿನ ಗೋಡೆ, ತಲೆಯ ಮೇಲೂ ಮಣ್ಣು. ಬೇಸಿಗೆಯಲ್ಲಿ ಒಳಗೆ ತಂಪೋ ತಂಪು. ಬಿಸಿಲನ್ನೇ ಒಳಗೆ ಬಿಡದ ಗೋಡೆ ವೈಫೈಯನ್ನು ಬಿಟ್ಟೀತೆ? ಇದಕ್ಕೂ ಒಂದು ಉಪಾಯ ಆ ಮನೆಯಲ್ಲೇ ಇದೆ. ಇಂಥ ಎಷ್ಟೋ ಮನೆಗಳಲ್ಲಿ ತಲೆಬಾಗಿಲು, ನಡುಬಾಗಿಲು, ಹಿತ್ತಿಲ ಬಾಗಿಲು ಒಂದೇ ಸಾಲು. ಮುಂದೆ ನಿಂತರೆ ಹಿಂದಿನ ಬೇವಿನ ಮರ ಕಾಣಬೇಕು. ಪೆಟ್ಟಿಗೆಯನ್ನು ಆ ಬಾಗಿಲುಗಳ ಸಾಲಿಗೆ ಇಡಿ. ಮರದ ಬಾಗಿಲು ಮುಚ್ಚಿದ್ದರೂ ಅಲೆಗೆ ಅಷ್ಟು ತೊಂದರೆಯಿಲ್ಲ. ಮಾಳಿಗೆ ಕೆಡವಿ ತಗಡಿನ ಶೀಟು ಹೊದಿಸಿದವರ ಪಾಡು ಬೇರೆ. ತಗಡು ಅಲೆಯನ್ನು ದಾಟಿಸುವುದಿಲ್ಲ, ತಿರುಗಿಸಿ ಎಸೆಯುತ್ತದೆ. ಮನೆಯೊಳಗಿದ್ದವನು ಬಚಾವು, ಹೊರಗೆ ಮಲಗಿದವನಿಗೆ ಮಾತ್ರ ಸೊಳ್ಳೆಯೊಂದೇ ಸಂಗಾತಿ.

ಇಷ್ಟು ಹೇಳಿದರೂ ಕೆಲವರು ಕೇಳುವುದು ವಾಸ್ತುವಿನವರನ್ನು. ಕರೆಂಟಿನ ವಸ್ತು ಅಂದಮೇಲೆ ಆಗ್ನೇಯ ಮೂಲೆಯೇ ಸರಿ ಅಂತ ಅಪ್ಪಣೆಯಾಗುತ್ತದೆ. ಮನೆಯ ಮೂಲೆಗೆ ಪೆಟ್ಟಿಗೆ ಇಟ್ಟರೆ ಸುತ್ತ ಹರಡುವ ಅಲೆಯಲ್ಲಿ ಮುಕ್ಕಾಲು ಪಾಲು ಹೊರಗಿನ ರಸ್ತೆಗೆ, ಪಕ್ಕದ ಸೈಟಿಗೆ, ಬೀದಿನಾಯಿಗೆ. ಅದು ಇರಬೇಕಾದ್ದು ಮನೆಯ ನಟ್ಟನಡುವೆ, ಅಂದರೆ ವಾಸ್ತುವಿನವರು ಖಾಲಿ ಬಿಡಿ ಅನ್ನುವ ಬ್ರಹ್ಮಸ್ಥಾನದಲ್ಲಿ. ಬ್ರಹ್ಮನಿಗೆ ನೆಲ ಬಿಟ್ಟುಕೊಡಿ, ಪೆಟ್ಟಿಗೆಗೆ ಬೇಕಾದ್ದು ಆಳೆತ್ತರದ ಒಂದು ಸಣ್ಣ ಹಲಗೆ ಮಾತ್ರ. ಇಬ್ಬರಿಗೂ ಹೊಂದಿಕೆಯಾಗುತ್ತದೆ. ಕೊಂಬುಗಳಿದ್ದರೆ ನೆಟ್ಟಗೆ ನಿಲ್ಲಿಸಿ. ಅಲೆ ಕೊಂಬಿನ ತುದಿಯಿಂದ ಚಿಮ್ಮುವುದಿಲ್ಲ, ಸುತ್ತಲಿನಿಂದ ಅಡ್ಡಡ್ಡ ಹರಡುತ್ತದೆ. ಮಹಡಿಗೂ ಬೇಕಿದ್ದರೆ ಒಂದನ್ನು ಅಡ್ಡ ಮಲಗಿಸಿ. ಕೆಲವರು ಎಲ್ಲ ಕೊಂಬನ್ನೂ ಅಡುಗೆಮನೆಯ ಕಡೆ ಗುರಿಯಿಟ್ಟು ಬಗ್ಗಿಸಿರುತ್ತಾರೆ, ಪಾಪ, ಹೆಂಡತಿಯ ಮೇಲಿನ ಪ್ರೀತಿಗೆ. ತುದಿ ತಿರುಗಿದ ಕಡೆಗೇ ಅತಿ ಕಡಿಮೆ ಹೋಗುವುದು ಅಂತ ಅವರಿಗೆ ಯಾರೂ ಹೇಳಿಲ್ಲ.

ಆಯುಧಪೂಜೆಯ ದಿನ ಪೆಟ್ಟಿಗೆಗೂ ವಿಭೂತಿ, ಕುಂಕುಮ, ಸೇವಂತಿಗೆ ಏರುತ್ತದೆ. ಭಕ್ತಿಗೆ ಅಡ್ಡಿಯಿಲ್ಲ. ಕುಂಕುಮ ಮಾತ್ರ ಗಾಳಿ ಕಿಂಡಿಯ ಮೇಲೆ ಬೇಡ, ಒಳಗೆ ಬಿಸಿ ಕೂಡಿಕೊಳ್ಳುತ್ತದೆ. ಧೂಳು ಬೀಳದಿರಲಿ ಅಂತ ಹೊದಿಸುವ ಕಸೂತಿ ಬಟ್ಟೆಗೂ ಇದೇ ಮಾತು: ಬಟ್ಟೆ ಅಲೆಯನ್ನು ತಡೆಯುವುದಿಲ್ಲ, ಸೆಖೆಯನ್ನು ತಡೆದಿಡುತ್ತದೆ. ಶೋಕೇಸಿನ ಗಾಜು ಪರವಾಗಿಲ್ಲ, ಹಿಂದೆ ಕನ್ನಡಿ ಇದ್ದರೆ ಕೆಟ್ಟಿತು. ಇನ್ನು ಮೈಕ್ರೊವೇವ್ ಒಲೆ. ಅದು ಉರಿಯುವುದೂ 2.45 ಗಿಗಾಹರ್ಟ್ಸಿನಲ್ಲೇ, ಅನ್ನ ಬಿಸಿಯಾಗುವಷ್ಟು ಹೊತ್ತು ಅದರ ಪಕ್ಕದ ಫೋನು ತಡವರಿಸಿದರೆ ದೆವ್ವ ಭೂತ ಅನ್ನಬೇಡಿ.

ರಿಪೀಟರ್ ಅಂತ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಕಿವಿಯಿರುವ ಪೆಟ್ಟಿಗೆ ಸಿಗುತ್ತದೆ, ಬಹಳ ಜನ ಅದಕ್ಕೆ ಮನಸೋಲುತ್ತಾರೆ. ತಂದು ಎಲ್ಲಿ ಹಾಕುತ್ತಾರೆ? ಸಿಗ್ನಲ್ಲೇ ಇಲ್ಲದ ಕೋಣೆಯಲ್ಲಿ. ಅದು ಕೇಳಿದ್ದನ್ನು ಮತ್ತೆ ಹೇಳುವ ಪೆಟ್ಟಿಗೆ. ಏನೂ ಕೇಳದ ಕಡೆ ಕೂರಿಸಿದರೆ ಏನನ್ನು ಹೇಳಬೇಕು? ಸೊನ್ನೆಯನ್ನು ಎರಡರಿಂದ ಗುಣಿಸಿದರೂ ಸೊನ್ನೆ. ಅರ್ಧ ದಾರಿಯಲ್ಲಿ, ಇನ್ನೂ ಚೆನ್ನಾಗಿ ಬರುವ ಜಾಗದಲ್ಲಿ ಹಾಕಬೇಕು. ಅಷ್ಟಾದರೂ ಒಂದೇ ಚಾನೆಲ್ಲಿನಲ್ಲಿ ಕೇಳಿ ಹೇಳುವ ಅಗ್ಗದ ರಿಪೀಟರು ವೇಗವನ್ನು ಅರ್ಧಕ್ಕೆ ಇಳಿಸುತ್ತದೆ. ವೈರು ಎಳೆಯಲು ಸಾಧ್ಯವೇ ಇಲ್ಲದಿದ್ದರೆ ಮಾತ್ರ ಅದರ ಸಹವಾಸ.

ಕರೆಂಟಿನ ಮಾತು ಎತ್ತದಿದ್ದರೆ ನಮ್ಮ ಕಡೆಯವರು ಇದನ್ನು ಓದುವುದೇ ಇಲ್ಲ. ಕರೆಂಟು ಹೋದರೆ ಬ್ಯಾಟರಿ ತುಂಬಿದ ಫೋನು, ಲ್ಯಾಪ್‌ಟಾಪು ಎಲ್ಲ ಎದ್ದಿರುತ್ತವೆ, ಪೆಟ್ಟಿಗೆ ಮಾತ್ರ ಮಲಗಿರುತ್ತದೆ. ಸಾಮಾನ್ಯವಾಗಿ ಅದಕ್ಕೆ ಬೇಕಾದ್ದು 12 ವೋಲ್ಟು. ಅಂಗೈಯಗಲದ ಮಿನಿ ಯುಪಿಎಸ್ ಒಂದು ಇದ್ದರೆ ತಾಸುಗಟ್ಟಲೆ ನಡೆಯುತ್ತದೆ. ಫೈಬರ್ ಬಂದು ಸೇರುವ ಪೆಟ್ಟಿಗೆ ಬೇರೆ, ರೂಟರು ಬೇರೆ ಇದ್ದ ಮನೆಗಳಲ್ಲಿ ಎರಡಕ್ಕೂ ಅದರಿಂದಲೇ ಕರೆಂಟು ಕೊಡಬೇಕು. ಒಂದಕ್ಕೇ ಕೊಟ್ಟು, ವೈಫೈ ಫುಲ್ಲು ತೋರಿಸುತ್ತಿದ್ದರೂ ನೆಟ್ಟು ಯಾಕಿಲ್ಲ ಅಂತ ಕತ್ತಲಲ್ಲಿ ಚಿಂತೆಗೆ ಬೀಳುವವರಿದ್ದಾರೆ.

2021ರಲ್ಲಿ ಸುಳ್ಯದ ಕಡೆ ಹುಡುಗಿಯೊಬ್ಬಳು ಮಳೆಯಲ್ಲಿ ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದಾಗ ಅಪ್ಪ ಕೊಡೆ ಹಿಡಿದು ನಿಂತ ಚಿತ್ರ ಪತ್ರಿಕೆಗಳಲ್ಲಿ ಬಂದಿತ್ತು. ಮಲೆನಾಡಿನಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲ ಅಂತ ಊರಿನವರು ಬೋರ್ಡು ಹಾಕಿದ್ದೂ ಉಂಟು. ಅವರಿಗೆ ಗುಡ್ಡ ಅಡ್ಡ, ಕಾಡು ಅಡ್ಡ, ದೂರದ ಟವರು ಅಡ್ಡ. ನಮಗೆ ಫೈಬರ್ ತಲೆಬಾಗಿಲವರೆಗೂ ಬಂದು ನಿಂತಿದೆ. ಅಲ್ಲಿಂದ ಮುಂದಿನ ಮೂವತ್ತು ಅಡಿಗೆ ಅಡ್ಡ ಇರುವುದು ಒಂದು ಟೀವಿ, ಒಂದು ಬೀರು ಮತ್ತು “ಇರ್ಲಿ ಬಿಡಪ್ಪ” ಅನ್ನುವ ಒಂದು ಮಾತು.

ಆದ್ದರಿಂದ ಯಜಮಾನ್ರೆ, ಮುಂದಿನ ಸಲ ಕೇಬಲ್ ಹುಡುಗ ಬಂದಾಗ ಮೊಳೆ ಹೊಡೆಯುವ ಮುಂಚೆ ಅವನ ಕೈ ಹಿಡಿಯಿರಿ. ಮನೆಯಲ್ಲಿ ಹೆಚ್ಚು ಬಳಸುವವರು ಯಾರು, ಎಲ್ಲಿ ಕೂರುತ್ತಾರೆ ಅಂತ ಒಳಗೆ ಹೋಗಿ ಕೇಳಿಕೊಂಡು ಬನ್ನಿ. ಈಗಾಗಲೇ ಮೊಳೆ ಬಿದ್ದಿದ್ದರೆ ಹತ್ತು ಹದಿನೈದು ಮೀಟರು ವೈರು ತರಿಸಿ ಪೆಟ್ಟಿಗೆಯನ್ನು ನಡುಮನೆಗೆ ಒಯ್ಯಿರಿ. ವೈರು ಅಪ್ಪಟ ತಾಮ್ರದ್ದೇ ಇರಲಿ, ಅಲ್ಯೂಮಿನಿಯಮ್ಮಿಗೆ ತಾಮ್ರ ಸವರಿದ್ದನ್ನು ಅಂಗಡಿಯವನು ಎಷ್ಟು ಹೊಗಳಿದರೂ ತರಬೇಡಿ. ಪಡಸಾಲೆಯಲ್ಲಿ ಒಂದು ಕಡ್ಡಿ ಕಡಿಮೆಯಾದೀತು. ಅಡಿಕೆ ರೇಟು ಅಷ್ಟರಲ್ಲೂ ಬರುತ್ತದೆ.